ಜೇಡನ ನೂಲಿನಿಂದ ಮೊಬೈಲ್ ಪರದೆಗೆ: ಗುರಿಗೆರೆ ಸಾಗಿ ಬಂದ ದಾರಿ

ಮೊಬೈಲ್ ಪರದೆಯ ನಟ್ಟನಡುವೆ ನಾಲ್ಕು ಸಣ್ಣ ಗೆರೆಗಳು. ಅವು ಕೂಡುವೆಡೆಯಲ್ಲಿ ಎದುರಾಳಿ ಕಾಣಿಸಿಕೊಂಡೊಡನೆ ಹೆಬ್ಬೆರಳು ಪರದೆಯನ್ನು ಒತ್ತುತ್ತದೆ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಬಸ್ ನಿಲ್ದಾಣಗಳಿರಲಿ, ಬಾಗಳಿಯಂತಹ ಊರುಗಳ ಕಟ್ಟೆಗಳಿರಲಿ, ಯುವಕರು ಮೊಬೈಲಿನಲ್ಲಿ ಆಡುವ ಯುದ್ಧದ ಆಟಗಳಲ್ಲಿ ಈ ದೃಶ್ಯ ಸರ್ವೇಸಾಮಾನ್ಯವಾಗಿದೆ. ಈ ಗೆರೆಗಳ ಗುರುತಿಗೆ ರೆಟಿಕಲ್ ಎಂದೂ ಕ್ರಾಸ್‌ಹೇರ್ ಎಂದೂ ಹೆಸರು. ಕನ್ನಡದಲ್ಲಿ ಇದನ್ನು ಗುರಿಗೆರೆ ಎನ್ನಬಹುದು.

ಆಟಗಾರರ ಪಾಲಿಗೆ ಗುರಿಗೆರೆ ಎಂದರೆ ಗುಂಡು ಬೀಳುವ ಜಾಗ. ಆದರೆ ನಿಜವಾದ ಬಂದೂಕಿನ ದುರ್ಬೀನಿನಲ್ಲಿರುವ ಗೆರೆ ಅಂತಹ ಭರವಸೆಯನ್ನು ಎಂದೂ ನೀಡುವುದಿಲ್ಲ. ಅದು ಮೂಲತಃ ಕೋನವನ್ನು ಅಳೆಯುವ ಸಾಧನ. ದೂರ, ಗಾಳಿ, ಗುಂಡಿನ ಇಳಿತ ಇವೆಲ್ಲವನ್ನೂ ಲೆಕ್ಕ ಹಾಕಿ ಆ ಗೆರೆಯನ್ನು ಎಲ್ಲಿಡಬೇಕೆಂದು ನಿರ್ಧರಿಸುವ ಹೊಣೆ ಬಂದೂಕು ಹಿಡಿದವನದು. ಗೆರೆಯ ಹಿಂದೆ ನಿಂತಿರುವುದು ಪ್ರಾಣಿಯೋ ಮನುಷ್ಯನೋ ಎಂಬುದನ್ನು ಅರಿಯುವ ಹೊಣೆಯೂ ಅವನದೇ. ಈ ವ್ಯತ್ಯಾಸವನ್ನು ತಿಳಿಯಲು ಗುರಿಗೆರೆಯ ಹುಟ್ಟು ಬೆಳವಣಿಗೆಗಳನ್ನು ಅವಲೋಕಿಸುವುದು ಸೂಕ್ತ.

ದೂರದರ್ಶಕದೊಳಗಿನ ಜೇಡ

ಗುರಿಗೆರೆ ಹುಟ್ಟಿದ್ದು ಆಕಾಶವನ್ನು ಅಳೆಯುವವರ ಕೈಯಲ್ಲಿ. ಗೆಲಿಲಿಯೊ ಬಳಸಿದ ಬಗೆಯ ದೂರದರ್ಶಕದಲ್ಲಿ ಕೊಳವೆಯ ಒಳಗೆ ಬಿಂಬ ಮೂಡುವುದಿಲ್ಲ. ಆದ್ದರಿಂದ ಅದರಲ್ಲಿ ಗೆರೆಯನ್ನಿಡಲು ತಾವಿಲ್ಲ. 1611ರಲ್ಲಿ ಯೊಹಾನೆಸ್ ಕೆಪ್ಲರ್ ವಿವರಿಸಿದ, ಎರಡು ಉಬ್ಬು ಮಸೂರಗಳ ದೂರದರ್ಶಕದಲ್ಲಿ ಮಾತ್ರ ದೂರದ ವಸ್ತುವಿನ ಬಿಂಬ ಕೊಳವೆಯೊಳಗೇ ಒಂದು ಸಮತಲದಲ್ಲಿ ಮೂಡುತ್ತದೆ. ಆ ಸಮತಲದಲ್ಲಿ ಏನನ್ನಿಟ್ಟರೂ ಅದು ದೂರದ ದೃಶ್ಯದ ಮೇಲೆಯೇ ಬರೆದಂತೆ ಸ್ಪಷ್ಟವಾಗಿ ಕಾಣುತ್ತದೆ.

ಇದನ್ನು ಮೊದಲು ಕಂಡುಕೊಂಡವನು ಇಂಗ್ಲೆಂಡಿನ ಲೀಡ್ಸ್ ಬಳಿಯ ವಿಲಿಯಂ ಗ್ಯಾಸ್ಕಾಯ್ನ್. 1640ರ ಆಸುಪಾಸಿನಲ್ಲಿ ಅವನ ದೂರದರ್ಶಕದೊಳಗೆ ಜೇಡವೊಂದು ನೂಲೆಳೆದಿತ್ತು. ಆಕಾಶವನ್ನು ನೋಡುತ್ತಿದ್ದವನಿಗೆ ಆ ನೂಲು ನಿಚ್ಚಳವಾಗಿ ಕಂಡಿತು. ಅದನ್ನೇ ಆಧರಿಸಿ ಅವನು ಗ್ರಹಗಳ ತೋರಿಕೆಯ ಅಗಲವನ್ನು ಅಳೆಯುವ ಮೈಕ್ರೊಮೀಟರ್ ಎಂಬ ಉಪಕರಣವನ್ನು ರೂಪಿಸಿದನು. 1644ರಲ್ಲಿ ಇಂಗ್ಲೆಂಡಿನ ಅಂತರ್ಯುದ್ಧದ ಮಾರ್ಸ್‌ಟನ್ ಮೂರ್ ಕದನದಲ್ಲಿ ಆತ ಮಡಿದನು. ಸಪೂರವೂ ಗಟ್ಟಿಯೂ ಆದ ಜೇಡನ ನೂಲು ಮಾತ್ರ ಆನಂತರ ಬಹುಕಾಲ, 20ನೆಯ ಶತಮಾನದವರೆಗೂ, ಉಪಕರಣ ತಯಾರಕರಿಗೆ ಒದಗಿಬಂದಿತು. ಮುಂದೆ ಸಣ್ಣ ತಂತಿಗಳೂ ಗಾಜಿನ ಮೇಲೆ ಕೊರೆದ ಗೆರೆಗಳೂ ಅದರ ಸ್ಥಾನವನ್ನು ತುಂಬಿದವು.

ನೂಲು ಹಿಡಿದು ಅಳೆಯುವ ಕಲೆ ಕನ್ನಡ ನಾಡಿಗೆ ಹೊಸತೇನಲ್ಲ. 10ನೆಯ ಶತಮಾನದಷ್ಟು ಹಳೆಯದಾದ ಬಾಗಳಿಯ ಕಲ್ಲೇಶ್ವರ ದೇವಾಲಯದಂತಹ ಕಟ್ಟಡಗಳಲ್ಲಿ ಕಂಬಗಳು ಸಾಲುಗೂಡಿ ನಿಂತಿರುವುದರ ಹಿಂದೆ ಇದ್ದುದು ಎಳೆದು ಕಟ್ಟಿದ ನೂಲು ಮತ್ತು ತೂಗುಬಿಟ್ಟ ಗುಂಡು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ 8ನೆಯ ಶತಮಾನದ ಶಾಸನ ಶಿಲ್ಪಿಯನ್ನು ಸೂತ್ರಧಾರಿ, ಅಂದರೆ ನೂಲು ಹಿಡಿದವನು ಎಂದೇ ಕರೆದಿದೆ. ಕೈಯಲ್ಲಿದ್ದ ಆ ನೂಲು ದೂರದರ್ಶಕದೊಳಗೆ ಹೊಕ್ಕಾಗ, ಮುಟ್ಟಲಾಗದಷ್ಟು ದೂರವನ್ನೂ ಅಳೆಯುವುದು ಸಾಧ್ಯವಾಯಿತು.

ಬೆಂಗಳೂರಿನ ಆಧಾರರೇಖೆ

ಕರ್ನಾಟಕದಲ್ಲಿ ಗುರಿಗೆರೆ ಮಾಡಿದ ಮೊದಲ ದೊಡ್ಡ ಕೆಲಸ ಭೂಮಾಪನ. ಟಿಪ್ಪು ಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ 7 ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆದನು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮುಖ್ಯ ಮೋಜಣಿ ಆರಂಭವಾಯಿತು. ಅಳತೆಯನ್ನು ಪರೀಕ್ಷಿಸಲು 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಮ್ಮೆ ಆಧಾರರೇಖೆಯನ್ನು ಅಳೆಯಲಾಯಿತು. ಭಾರತದ ಮಹಾ ತ್ರಿಕೋನಮಿತಿ ಮೋಜಣಿ ಎಂದು ಇತಿಹಾಸದಲ್ಲಿ ಹೆಸರಾದ ಕಾರ್ಯ ಇದೇ.

ಒಂದು ರೇಖೆಯ ಉದ್ದ ತಿಳಿದ ಬಳಿಕ ಉಳಿದುದೆಲ್ಲ ಕೋನಗಳ ಲೆಕ್ಕ. ಕೋನಗಳನ್ನು ಅಳೆಯಲು ಲ್ಯಾಂಬ್ಟನ್ ಬಳಸಿದ ಥಿಯೊಡೊಲೈಟ್ ಯಂತ್ರದ ತೂಕ ಸುಮಾರು ಅರ್ಧ ಟನ್. ಬೆಟ್ಟದ ನೆತ್ತಿಯ ಮೇಲಿಂದ ಮೈಲಿಗಟ್ಟಲೆ ದೂರದ ಗುರುತನ್ನು ಗೆರೆಗಳು ಕೂಡುವೆಡೆಗೆ ತರುವುದು, ಯಂತ್ರದ ವೃತ್ತದ ಮೇಲಿನ ಅಂಕವನ್ನು ಓದುವುದು, ಮತ್ತೆ ಮತ್ತೆ ಅದನ್ನೇ ಮಾಡಿ ಸರಾಸರಿ ತೆಗೆಯುವುದು ಕೆಲಸದ ಕ್ರಮವಾಗಿತ್ತು. ಒಂದೇ ಒಂದು ನೋಟವನ್ನು ಯಾವ ಮಾಪಕನೂ ನಂಬುತ್ತಿರಲಿಲ್ಲ.

ಇಂದಿಗೂ ಹೊಲ ಅಳೆಯಲು ಬರುವ ಭೂಮಾಪಕರ ಟೋಟಲ್ ಸ್ಟೇಷನ್ ಯಂತ್ರದಲ್ಲಿ ಇದೇ ಗೆರೆಗಳಿವೆ. ರಸ್ತೆ, ಕಾಲುವೆ ಕಾಮಗಾರಿಗಳಲ್ಲಿ ಮುಕ್ಕಾಲಿಯ ಮೇಲೆ ನಿಲ್ಲಿಸುವ ಲೆವೆಲ್ ಯಂತ್ರದಲ್ಲಿ ನಡುಗೆರೆಯ ಮೇಲೊಂದು, ಕೆಳಗೊಂದು ಗಿಡ್ಡ ಗೆರೆಗಳಿರುತ್ತವೆ. ಎದುರಿಗೆ ಹಿಡಿದ ಅಳತೆಗೋಲಿನ ಎಷ್ಟು ಭಾಗ ಈ ಎರಡು ಗೆರೆಗಳ ನಡುವೆ ಕಾಣುವುದೋ ಅದನ್ನು 100ರಿಂದ ಗುಣಿಸಿದರೆ ದೂರ ದೊರೆಯುತ್ತದೆ. 40 ಸೆಂಟಿಮೀಟರ್ ಕಂಡರೆ ಅಳತೆಗೋಲು 40 ಮೀಟರ್ ದೂರದಲ್ಲಿದೆ ಎಂದರ್ಥ.

ದುರ್ಬೀನು ಬಂದೂಕಿಗೇರಿದಾಗ

19ನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಕುಶಲಕರ್ಮಿಗಳು ಬಂದೂಕಿಗೆ ಉದ್ದನೆಯ ದುರ್ಬೀನನ್ನು ಜೋಡಿಸತೊಡಗಿದರು. 1861ರಿಂದ 1865ರವರೆಗೆ ನಡೆದ ಅಲ್ಲಿನ ಅಂತರ್ಯುದ್ಧದಲ್ಲಿ ಇಂತಹ ಬಂದೂಕುಗಳು ಬಳಕೆಯಾದವು. ಆಕಾಶ ಮತ್ತು ನೆಲವನ್ನು ಅಳೆಯುತ್ತಿದ್ದ ಗೆರೆ ಹೀಗೆ ಆಯುಧಕ್ಕೆ ಬಂದಿತು.

ದುರ್ಬೀನು ನಳಿಗೆಯ ಮೇಲೆ ಕೆಲವು ಸೆಂಟಿಮೀಟರ್ ಎತ್ತರದಲ್ಲಿ ಕುಳಿತಿರುತ್ತದೆ. ನೋಟ ನೇರ ರೇಖೆಯಲ್ಲಿ ಸಾಗುತ್ತದೆ. ಗುಂಡು ಹಾಗಲ್ಲ. ನಳಿಗೆಯನ್ನು ಬಿಟ್ಟ ಕ್ಷಣದಿಂದಲೇ ಅದು ಭೂಮಿಯ ಸೆಳೆತಕ್ಕೆ ಒಳಗಾಗುತ್ತದೆ. ಅರ್ಧ ಸೆಕೆಂಡು ಗಾಳಿಯಲ್ಲಿದ್ದ ಗುಂಡು ನಳಿಗೆಯ ನೇರದಿಂದ ಸುಮಾರು 1.2 ಮೀಟರ್ ಕೆಳಗಿಳಿದಿರುತ್ತದೆ. ಆದ್ದರಿಂದ ನಳಿಗೆಯನ್ನು ತುಸು ಮೇಲ್ಮುಖವಾಗಿಸಿ, ನಿರ್ದಿಷ್ಟ ದೂರವೊಂದರಲ್ಲಿ ಮಾತ್ರ ಗುಂಡಿನ ದಾರಿಯೂ ನೋಟದ ರೇಖೆಯೂ ಕೂಡುವಂತೆ ದುರ್ಬೀನನ್ನು ಹೊಂದಿಸಲಾಗುತ್ತದೆ. ಇದಕ್ಕೆ ಝೀರೊ ಮಾಡುವುದು ಎನ್ನುತ್ತಾರೆ. 100 ಮೀಟರಿಗೆ ಹೊಂದಿಸಿದ ಬಂದೂಕಿನಲ್ಲಿ 300 ಮೀಟರ್ ದೂರದ ವಸ್ತುವಿನ ಮೇಲೆ ಗೆರೆಯನ್ನಿಟ್ಟು ಹೊಡೆದರೆ ಗುಂಡು ಕೆಳಕ್ಕೆ ಬೀಳುವುದು ಖಚಿತ.

ಈ ಇಳಿತವನ್ನು ಲೆಕ್ಕ ಹಾಕಲು ಗೆರೆಯ ಮೇಲೆಯೇ ಚುಕ್ಕೆಗಳನ್ನೋ ಅಡ್ಡಗೀಟುಗಳನ್ನೋ ಗುರುತಿಸುವ ಪದ್ಧತಿ ಬಂದಿತು. ಮಿಲ್ ಎಂಬ ಕೋನಮಾನ ಇದಕ್ಕೆ ಆಧಾರ. ಒಂದು ಮಿಲ್ ಎಂದರೆ ದೂರದ ಸಾವಿರದ ಒಂದು ಪಾಲು. 100 ಮೀಟರ್ ದೂರದಲ್ಲಿ ಅದು 10 ಸೆಂಟಿಮೀಟರ್, 1000 ಮೀಟರ್ ದೂರದಲ್ಲಿ 1 ಮೀಟರ್. 1970ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾ ಪದಾತಿ ದಳ ತನ್ನ ಗುರಿಕಾರರಿಗಾಗಿ ಮಿಲ್ ಚುಕ್ಕೆಗಳ ಗುರಿಗೆರೆಯನ್ನು ಬಳಕೆಗೆ ತಂದಿತು. ಮಿನಿಟ್ ಎಂಬ ಇನ್ನೊಂದು ಮಾನವೂ ರೂಢಿಯಲ್ಲಿದೆ. ಡಿಗ್ರಿಯ 60ನೆಯ ಒಂದು ಭಾಗವಾದ ಅದು 100 ಮೀಟರ್ ದೂರದಲ್ಲಿ ಸುಮಾರು 2.9 ಸೆಂಟಿಮೀಟರ್ ಆಗುತ್ತದೆ.

ಲೆಕ್ಕ ಸರಳವಾದುದು. ಬಾಗಳಿಯ ಹೊಲವೊಂದರ ಬದುವಿನ ಮೇಲೆ ನಿಂತವನಿಗೆ ದೂರದಲ್ಲಿ ವಿದ್ಯುತ್ ಕಂಬವೊಂದು ಕಾಣುತ್ತಿದೆ ಎಂದಿಟ್ಟುಕೊಳ್ಳೋಣ. ನೆಲದಿಂದ ಮೇಲೆ ಕಂಬದ ಎತ್ತರ 6 ಮೀಟರ್, ಅಂದರೆ 6000 ಮಿಲಿಮೀಟರ್. ಗುರಿಗೆರೆಯಲ್ಲಿ ಅದು 15 ಮಿಲ್‌ನಷ್ಟು ಜಾಗವನ್ನು ಆಕ್ರಮಿಸಿದರೆ, 6000ವನ್ನು 15ರಿಂದ ಭಾಗಿಸಿ ದೂರ 400 ಮೀಟರ್ ಎಂದು ಹೇಳಬಹುದು. ಲೆವೆಲ್ ಯಂತ್ರದ ಮೂರು ಗೆರೆಗಳ ತತ್ತ್ವವೇ ಇಲ್ಲಿಯೂ ಇದೆ. ಆದರೆ ವಸ್ತುವಿನ ನಿಜವಾದ ಎತ್ತರ ತಿಳಿದಿರಬೇಕು. ಕಂಬದ ಎತ್ತರವನ್ನು ಒಂದು ಮೀಟರ್ ತಪ್ಪಾಗಿ ಊಹಿಸಿದರೆ ದೂರದ ಲೆಕ್ಕ 60 ಮೀಟರಿಗೂ ಹೆಚ್ಚು ತಪ್ಪುತ್ತದೆ.

ಇನ್ನೆರಡು ಸಂಗತಿಗಳು ಹೊಸಬರನ್ನು ದಾರಿ ತಪ್ಪಿಸುತ್ತವೆ. ಬಿಂಬವೂ ಗೆರೆಯೂ ಒಂದೇ ಸಮತಲದಲ್ಲಿ ಇಲ್ಲದಿದ್ದರೆ, ಬಂದೂಕು ಕದಲದಿದ್ದರೂ ಕಣ್ಣು ಸರಿದಷ್ಟು ಗೆರೆ ಸರಿದಂತೆ ತೋರುತ್ತದೆ. ಇದಕ್ಕೆ ಪ್ಯಾರಲಾಕ್ಸ್ ಎಂದು ಹೆಸರು. ದೃಶ್ಯವನ್ನು ಹಿಗ್ಗಿಸಿ ಕುಗ್ಗಿಸಬಲ್ಲ ದುರ್ಬೀನುಗಳಲ್ಲಿ ಗೆರೆಯು ಕಣ್ಣಿನ ಕಡೆಯ ಸಮತಲದಲ್ಲಿದ್ದರೆ ದೃಶ್ಯ ಹಿಗ್ಗಿದರೂ ಗೆರೆಯ ಗಾತ್ರ ಬದಲಾಗದು. ಅಂತಹವುಗಳಲ್ಲಿ ತಯಾರಕರು ಸೂಚಿಸಿದ ಒಂದು ವರ್ಧನೆಯಲ್ಲಿ ಮಾತ್ರ ಮಿಲ್ ಅಳತೆ ಸರಿಯಾಗಿರುತ್ತದೆ.

ಕೆಂಪು ಚುಕ್ಕೆ

ಮೊಬೈಲ್ ಆಟದ ಹುಡುಗರಿಗೆ ಚಿರಪರಿಚಿತವಾದ ರೆಡ್ ಡಾಟ್ ಬೇರೊಂದು ವಂಶದ್ದು. ಐರ್ಲೆಂಡಿನ ಡಬ್ಲಿನ್ ನಗರದ ದೂರದರ್ಶಕ ತಯಾರಕ ಹಾವರ್ಡ್ ಗ್ರಬ್ 1900ರಲ್ಲಿ ಇದರ ಮೂಲಕಲ್ಪನೆಗೆ ಪೇಟೆಂಟ್ ಪಡೆದನು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಅಂಗುಲದ ದೂರದರ್ಶಕ ಗ್ರಬ್ ಕಂಪನಿಯದೇ. ಬೆಳಗಿದ ಗುರುತೊಂದರ ಬಿಂಬವನ್ನು ಗಾಜಿನಲ್ಲಿ ಪ್ರತಿಫಲಿಸಿ, ಅದರ ಕಿರಣಗಳು ಸಮಾನಾಂತರವಾಗಿ ಕಣ್ಣಿಗೆ ಬರುವಂತೆ ಮಾಡಿದರೆ ಆ ಗುರುತು ಬಹುದೂರದಲ್ಲಿ, ಗುರಿಯ ಮೇಲೆಯೇ ತೇಲುತ್ತಿರುವಂತೆ ಕಾಣುತ್ತದೆ. ಕಣ್ಣು ಸ್ವಲ್ಪ ಅತ್ತಿತ್ತ ಸರಿದರೂ ಗುರಿ ಹೆಚ್ಚು ಕೆಡುವುದಿಲ್ಲ. 1975ರಲ್ಲಿ ಸ್ವೀಡನ್ನಿನ ಏಯ್ಮ್‌ಪಾಯಿಂಟ್ ಕಂಪನಿ ಇದೇ ತತ್ತ್ವದ, ವಿದ್ಯುತ್ ದೀಪದ ಕೆಂಪು ಚುಕ್ಕೆಯ ಸಾಧನವನ್ನು ಮಾರುಕಟ್ಟೆಗೆ ತಂದಿತು.

ಯುದ್ಧವಿಮಾನದ ಚಾಲಕನ ಎದುರಿಗಿರುವ ಗಾಜಿನ ಫಲಕದ ಮೇಲೆ ಮೂಡುವ ಗುರುತುಗಳೂ ಇದೇ ವಂಶಕ್ಕೆ ಸೇರಿದವು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ತೇಜಸ್ ವಿಮಾನಕ್ಕೆ ಇಂತಹ ಫಲಕವನ್ನು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆ ರೂಪಿಸಿತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ರಾತ್ರಿ ವೇಳೆ ನೋಡಬಲ್ಲ ಸಾಧನಗಳನ್ನು ಸೇನೆಗೆ ತಯಾರಿಸುತ್ತ ಬಂದಿದೆ. ವಸ್ತುವಿನ ಶಾಖವನ್ನು ಬಿಂಬವಾಗಿಸುವ ಗುರಿಸಾಧನಗಳನ್ನು ತಯಾರಿಸುವ ಟೊಂಬೊ ಇಮೇಜಿಂಗ್ ಕಂಪನಿಯೂ ಬೆಂಗಳೂರಿನದೇ.

ಗೆರೆಯಿಲ್ಲದ ಗುರಿ

ಕುತೂಹಲದ ಸಂಗತಿಯೆಂದರೆ, ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಗಳಲ್ಲಿ ದುರ್ಬೀನಿಗಾಗಲಿ ಕೆಂಪು ಚುಕ್ಕೆಗಾಗಲಿ ಅವಕಾಶವಿಲ್ಲ. ಏರ್ ರೈಫಲ್‌ನಲ್ಲಿ ಕಣ್ಣಿನ ಬಳಿ ಸಣ್ಣ ರಂಧ್ರ, ನಳಿಗೆಯ ತುದಿಯಲ್ಲಿ ಉಂಗುರ ಇವಿಷ್ಟೇ ಆಧಾರ. 10 ಅಂಕ ನೀಡುವ ನಡುಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಏರ್ ಪಿಸ್ತೂಲಿನಲ್ಲಿ ಹಿಂಬದಿಯ ಕಚ್ಚು ಮತ್ತು ಮುಂಬದಿಯ ಮೊನೆ ಮಾತ್ರ ಇರುತ್ತವೆ. ಅಲ್ಲಿ 10 ಅಂಕದ ವೃತ್ತ 11.5 ಮಿಲಿಮೀಟರ್. ಕಣ್ಣು ಹಿಂಬದಿಯ ಕಚ್ಚು, ಮುಂಬದಿಯ ಮೊನೆ, ಗುರಿ ಈ ಮೂರನ್ನೂ ಏಕಕಾಲಕ್ಕೆ ಸ್ಪಷ್ಟವಾಗಿ ಕಾಣಲಾರದು. ಆದ್ದರಿಂದ ಮುಂಬದಿಯ ಮೊನೆಯನ್ನು ಸ್ಪಷ್ಟವಾಗಿ ಕಂಡು ಗುರಿಯನ್ನು ಮಸುಕಾಗಿರಲು ಬಿಡುವುದನ್ನು ಪಿಸ್ತೂಲು ಕಲಿಯುವವರಿಗೆ ಹೇಳಿಕೊಡುತ್ತಾರೆ.

ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದದ್ದು ಇಂತಹ ಬರಿಗಣ್ಣಿನ ಗುರಿಯಿಂದಲೇ. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳೆಯರ ತಂಡ ವಿಭಾಗದಲ್ಲಿ ಒಂದು, ಸರಬ್‌ಜೋತ್ ಸಿಂಗ್ ಜೊತೆಗೂಡಿ ಮಿಶ್ರ ತಂಡ ವಿಭಾಗದಲ್ಲಿ ಇನ್ನೊಂದು, ಹೀಗೆ ಎರಡು ಬೆಳ್ಳಿ ಪದಕ ಪಡೆದರು.

ಕೊಡಗಿನಲ್ಲಿ ಗುರಿಗಾರಿಕೆ ಹಬ್ಬದ ಅಂಗವೇ ಆಗಿದೆ. ಪ್ರತಿವರ್ಷ ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದ ಸಂದರ್ಭದಲ್ಲಿ ಕೋವಿಗಳನ್ನು ಪೂಜಿಸಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳನ್ನು ನಡೆಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ 10 ವರ್ಷಗಳ ಅವಧಿಗೆ ಮುಂದುವರಿಸಿತು.

ಪರದೆಯ ಮೇಲೆ

ವಿಡಿಯೊ ಆಟಗಳಲ್ಲಿ ಗುರಿಗೆರೆಗೆ ಹೆಸರು ತಂದುಕೊಟ್ಟವುಗಳಲ್ಲಿ 1980ರ ಬ್ಯಾಟಲ್‌ಝೋನ್ ಪ್ರಮುಖವಾದುದು. ಅಟಾರಿ ಕಂಪನಿಯ ಈ ಆಟದಲ್ಲಿ ಆಟಗಾರ ಯುದ್ಧಟ್ಯಾಂಕಿನ ಗುರಿಕಿಂಡಿಯಿಂದ ನೋಡುತ್ತಿದ್ದನು. ಅದನ್ನು ಕಂಡ ಅಮೆರಿಕದ ಸೇನೆ ಗುರಿಕಾರರ ತರಬೇತಿಗಾಗಿ ಬೇರೊಂದು ಆವೃತ್ತಿಯನ್ನೇ ಮಾಡಿಸಿತು. 1984ರಲ್ಲಿ ಬಂದ ನಿಂಟೆಂಡೊದ ಡಕ್ ಹಂಟ್ ಆಟದಲ್ಲಿ ಪರದೆಯ ಮೇಲೆ ಗೆರೆಯೇ ಇರಲಿಲ್ಲ. ಪ್ಲಾಸ್ಟಿಕ್ ಪಿಸ್ತೂಲಿನ ತುದಿಯಲ್ಲಿದ್ದ ಬೆಳಕಿನ ಸಂವೇದಕ, ಕುದುರೆ ಎಳೆದ ಕ್ಷಣದಲ್ಲಿ ಪರದೆ ಕಪ್ಪಾಗಿ ಬಾತುಕೋಳಿಯಿದ್ದಲ್ಲಿ ಬಿಳಿ ಚೌಕ ಮೂಡುವುದನ್ನು ಗುರುತಿಸುತ್ತಿತ್ತು. ಹಳೆಯ ದಪ್ಪ ಟಿವಿಗಳಿಗೆ ಜೋಡಿಸುತ್ತಿದ್ದ ಅಗ್ಗದ ವಿಡಿಯೊ ಗೇಮ್‌ಗಳ ಮೂಲಕ ಈ ಆಟ ನಮ್ಮ ಮನೆಗಳಿಗೂ ಬಂದಿತ್ತು.

2000ದ ದಶಕದ ಸೈಬರ್ ಕೆಫೆಗಳಲ್ಲಿ ಜನಪ್ರಿಯವಾದ ಕೌಂಟರ್ ಸ್ಟ್ರೈಕ್ ಆಟದಲ್ಲಿ ಗುರಿಗೆರೆ ಹೊಸ ಗುಣವೊಂದನ್ನು ಪಡೆಯಿತು. ಆಟಗಾರ ಓಡಿದರೆ, ಸತತವಾಗಿ ಗುಂಡು ಹಾರಿಸಿದರೆ ನಾಲ್ಕು ಗೆರೆಗಳು ದೂರ ಸರಿಯುತ್ತವೆ. ನಿಂತರೆ, ಬಗ್ಗಿದರೆ ಹತ್ತಿರವಾಗುತ್ತವೆ. ಗುಂಡು ಎಷ್ಟು ಅಡ್ಡಾದಿಡ್ಡಿಯಾಗಿ ಹೋಗಬಹುದು ಎಂಬುದನ್ನು ಗೆರೆಗಳ ನಡುವಣ ತೆರಪು ಸೂಚಿಸುತ್ತದೆ. ಇಂತಹ ಅನೇಕ ಆಟಗಳಲ್ಲಿ ಗುಂಡಿಗೆ ಪ್ರಯಾಣದ ಸಮಯವೇ ಇಲ್ಲ. ಗುಂಡಿ ಒತ್ತಿದ ಕ್ಷಣದಲ್ಲಿ ಕಂಪ್ಯೂಟರ್ ಒಂದು ಕಾಲ್ಪನಿಕ ರೇಖೆಯನ್ನು ಎಳೆದು, ಅದು ತಾಗಿದ್ದನ್ನು ಹೊಡೆತವೆಂದು ಪರಿಗಣಿಸುತ್ತದೆ. ಆ ರೇಖೆ ಹೊರಡುವುದು ಹೆಚ್ಚಾಗಿ ನಳಿಗೆಯಿಂದಲ್ಲ, ಪರದೆಯ ನಡುಬಿಂದುವಿನಿಂದ.

2017ರಲ್ಲಿ ಕಂಪ್ಯೂಟರಿಗೂ 2018ರಲ್ಲಿ ಮೊಬೈಲಿಗೂ ಬಂದ ಪಬ್‌ಜಿ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು. ಅದರಲ್ಲಿ ಗುಂಡು ಸಮಯ ತೆಗೆದುಕೊಳ್ಳುತ್ತದೆ, ದೂರ ಹೋದಂತೆ ಇಳಿಯುತ್ತದೆ. ಓಡುವವನಿಗಿಂತ ಮುಂದಕ್ಕೆ ಗುರಿಯಿಡಬೇಕಾಗುತ್ತದೆ. ಭಾರತ ಸರಕಾರ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ 2021ರ ಜುಲೈನಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ಅದನ್ನು ಮರಳಿ ತಂದಿತು. 2022ರ ಜುಲೈನಲ್ಲಿ ಅದಕ್ಕೂ ತಡೆ ಬಿದ್ದು, 2023ರ ಮೇ ತಿಂಗಳಲ್ಲಿ ಪುನಃ ಅನುಮತಿ ದೊರೆಯಿತು. ಆಗ 18 ವರ್ಷದೊಳಗಿನವರ ಆಟಕ್ಕೆ ದಿನಕ್ಕೆ 3 ಗಂಟೆಗಳ ಮಿತಿಯನ್ನು ವಿಧಿಸಲಾಯಿತು.

ದಿವ್ಯಾ ಅವರು ಪದಕ ಗೆದ್ದ ಹಾಂಗ್‌ಝೌ ಕ್ರೀಡಾಕೂಟದಲ್ಲಿಯೇ ಪಬ್‌ಜಿ ಮೊಬೈಲ್ ಕೂಡ ಪದಕದ ಸ್ಪರ್ಧೆಯಾಗಿತ್ತು. ಆದರೆ ಅಲ್ಲಿಗಾಗಿ ಆಟವನ್ನೇ ಬದಲಿಸಲಾಗಿತ್ತು. ಆಟಗಾರರು ಪರಸ್ಪರರ ಮೇಲೆ ಗುಂಡು ಹಾರಿಸದೆ ಗುರಿಫಲಕಗಳಿಗೆ ಹೊಡೆಯಬೇಕಿತ್ತು.

ಗೆರೆ ಹೇಳದಿರುವ ಮಾತು

ಪರದೆಯ ಆಟ ಎಷ್ಟೇ ನೈಜವಾದರೂ ಒಂದು ಕೆಲಸವನ್ನು ಆಟಗಾರನ ಪರವಾಗಿ ತಾನೇ ಮಾಡಿಬಿಡುತ್ತದೆ. ಎದುರಿಗಿರುವವನು ತನ್ನ ತಂಡದವನೋ ಎದುರಾಳಿಯೋ ಎಂಬುದನ್ನು ಹೆಸರಿನಿಂದಲೋ ಬಣ್ಣದಿಂದಲೋ ತಿಳಿಸುತ್ತದೆ. ಕೆಲವು ಆಟಗಳಲ್ಲಿ ಎದುರಾಳಿಯ ಮೇಲೆ ಬಂದೊಡನೆ ಗುರಿಗೆರೆಯೇ ಕೆಂಪಾಗುತ್ತದೆ. ಮೊಬೈಲ್ ಆಟಗಳಲ್ಲಿ ಗುರಿಯನ್ನು ಎದುರಾಳಿಯತ್ತ ತುಸು ಎಳೆದುಕೊಡುವ ಸಹಾಯವೂ ಇರುತ್ತದೆ.

ನಿಜವಾದ ದುರ್ಬೀನಿನಲ್ಲಿ ಇದಾವುದೂ ಇಲ್ಲ. ಪೊದೆ ಅಲುಗಿದೊಡನೆ ಪ್ರಾಣಿಯೆಂದೇ ಭಾವಿಸಿ ಜೊತೆಗಾರನಿಗೇ ಗುಂಡು ಹೊಡೆದ ಪ್ರಕರಣಗಳು ಮಲೆನಾಡು ಹಾಗೂ ಕೊಡಗಿನ ಕಡೆಯಿಂದ ಆಗಾಗ ವರದಿಯಾಗುತ್ತಿರುತ್ತವೆ. ಅಂತಹ ಸಂದರ್ಭದಲ್ಲಿ ಗುರಿ ತಪ್ಪಿರುವುದಿಲ್ಲ, ಗುರುತು ತಪ್ಪಿರುತ್ತದೆ. ಈ ಕಾರಣದಿಂದಲೇ ಬಂದೂಕಿನ ಮೇಲಿನ ದುರ್ಬೀನಿನಿಂದ ಯಾರು, ಏನು ಎಂದು ಹುಡುಕಬಾರದೆಂಬುದು ಗುರಿಗಾರಿಕೆಯ ಮೂಲ ಪಾಠಗಳಲ್ಲಿ ಒಂದು. ಗೆರೆಯನ್ನು ಯಾವುದರ ಮೇಲೆ ಇಟ್ಟರೂ ಅದರತ್ತ ನಳಿಗೆಯೂ ತಿರುಗಿರುತ್ತದೆ. ಗುರುತಿಸಲು ಕೈಯಲ್ಲಿ ಹಿಡಿಯುವ ಬೈನಾಕ್ಯುಲರ್ ಬೇರೆಯೇ ಇರಬೇಕು. ಗುರಿಯ ಹಿಂದೆ ಏನಿದೆ ಎಂಬುದೂ ತಿಳಿದಿರಬೇಕು.

ಕಾನೂನಿನ ಅರಿವೂ ಅಗತ್ಯ. ಏರ್‌ಗನ್‌ಗಳೂ ಅವುಗಳಿಗೆ ಜೋಡಿಸುವ ಅಗ್ಗದ ದುರ್ಬೀನುಗಳೂ ಈಗ ಸುಲಭವಾಗಿ ದೊರೆಯುತ್ತವೆ. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸ 4.5 ಮಿಲಿಮೀಟರನ್ನು ಅಥವಾ ಶಕ್ತಿ 20 ಜೂಲ್‌ಗಳನ್ನು ಮೀರಿದ ಏರ್‌ಗನ್‌ಗಳಿಗೆ ಪರವಾನಗಿ ಬೇಕು. ಪರವಾನಗಿ ಬೇಕಿಲ್ಲದ ಬಂದೂಕಿನಿಂದಲೂ ಕಾಡುಪ್ರಾಣಿ, ಪಕ್ಷಿಗಳಿಗೆ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬೆಳೆ ರಕ್ಷಣೆಗಾಗಿ ಬಂದೂಕು ಪರವಾನಗಿ ಪಡೆದವರಿಗೂ ಅದು ಬೇಟೆಯ ಪರವಾನಗಿಯಾಗದು. ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಕರಡಿಧಾಮ, ತುಂಗಭದ್ರೆಯ ಆಚೆಗಿನ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯಗಳು ಹತ್ತಿರದಲ್ಲಿಯೇ ಇರುವ ಈ ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ.

ಮೊಬೈಲ್ ಆಟದಿಂದ ಗುರಿಗಾರಿಕೆಯ ಬಗ್ಗೆ ಆಸಕ್ತಿ ಮೂಡಿದರೆ ಅದು ತಪ್ಪೇನಲ್ಲ. ಗುಂಡು ಇಳಿಯುತ್ತದೆ, ದೂರಕ್ಕೆ ಲೆಕ್ಕ ಬೇಕು ಎಂಬ ಅರಿವು ಆಟದಿಂದಲೂ ಬರಬಹುದು. ಆದರೆ ಉಸಿರಿನ ಹಿಡಿತ, ಬೆರಳಿನ ನಯ, ಗಂಟೆಗಟ್ಟಲೆ ನಿಲ್ಲುವ ತಾಳ್ಮೆ ಇವು ತರಬೇತುದಾರರ ಎದುರು, ಮಾನ್ಯತೆ ಪಡೆದ ಶೂಟಿಂಗ್ ರೇಂಜಿನಲ್ಲಿಯೇ ಬರಬೇಕು. ಗ್ಯಾಸ್ಕಾಯ್ನ್ ಕಂಡ ನೂಲಿನಿಂದ ಹಿಡಿದು ಇಂದಿನ ಕೆಂಪು ಚುಕ್ಕೆಯವರೆಗೆ ಗುರಿಗೆರೆ ತಿಳಿಸುತ್ತ ಬಂದಿರುವುದು ದಿಕ್ಕನ್ನು ಮಾತ್ರ. ಆ ದಿಕ್ಕಿನಲ್ಲಿ ಇರುವುದು ಏನು, ಗುಂಡು ಹಾರಿಸಬೇಕೋ ಬೇಡವೋ ಎಂಬ ತೀರ್ಮಾನ ಇಂದಿಗೂ ಮನುಷ್ಯನ ಪಾಲಿಗೇ ಉಳಿದಿದೆ.